ಮಗುವಿನ ಮೈಮೇಲೆ ನೆನೆಸಿದ ಸಬ್ಬಕ್ಕಿಯಂಥ ಗುಳ್ಳೆಗಳಾ? ಪತ್ತೆ ಮಾಡುವ ದಾರಿ ಇಲ್ಲಿದೆ

ಮಗಳಿಗೆ ಆಗ ಒಂದೂವರೆ ವರ್ಷ. ಸ್ನಾನ ಮಾಡಿಸುವಾಗ ಬಲ ಕಂಕುಳಿನ ಹಿಂದೆ ಏಳೆಂಟು ಪುಟ್ಟ ಗುಳ್ಳೆಗಳು ಕಂಡವು. ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನೆನೆಸಿದ ಸಬ್ಬಕ್ಕಿ ನೋಡಿದ್ದೀರಲ್ಲ, ಹಾಗೇ. ಒಳಗಿನ ನೀರು ಹೊರಗಿನಿಂದಲೇ ಕಾಣುತ್ತಿತ್ತು. ಬೆವರುಸಾಲೆ ಅಂದುಕೊಂಡು ಪೌಡರ್ ಹಾಕಿದೆವು. ಹೋಗಲಿಲ್ಲ. ಊರಲ್ಲಿ ಸರ್ಪಸುತ್ತು ಅಂದರು, ಕೆಮ್ಮಣ್ಣು ಬಳಿದರು. ಹೋಗಲಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ನರೂಲಿ ಅಂತ ಸುಟ್ಟರು. ಮೂರು ತಿಂಗಳಲ್ಲಿ ಸುಟ್ಟ ಕಲೆಯ ಸುತ್ತಲೇ ಮತ್ತೆ ಬಂದವು. ಅದರ ಸರಿಯಾದ ಹೆಸರು ನಮಗೆ ಗೊತ್ತಾಗುವಷ್ಟರಲ್ಲಿ ಅವಳಿಗೆ ನಾಲ್ಕು ತುಂಬಿತ್ತು.

ಹೆಸರು ಲಿಂಫ್ಯಾಂಜಿಯೋಮ ಸರ್ಕಮ್‌ಸ್ಕ್ರಿಪ್ಟಂ. ಈಗಿನ ರಿಪೋರ್ಟ್‌ಗಳಲ್ಲಿ ಮೈಕ್ರೋಸಿಸ್ಟಿಕ್ ಲಿಂಫ್ಯಾಟಿಕ್ ಮಾಲ್‌ಫಾರ್ಮೇಶನ್ ಅಂತ ಬರೆಯುತ್ತಾರೆ. ಎರಡೂ ಒಂದೇ. ನಮ್ಮ ಮೈಯಲ್ಲಿ ರಕ್ತನಾಳಗಳ ಜೊತೆಗೆ ದುಗ್ಧರಸ ಅಂದರೆ ಲಿಂಫ್ ಎಂಬ ತಿಳಿ ದ್ರವ ಹರಿಯುವ ಸಣ್ಣ ನಾಳಗಳೂ ಇರುತ್ತವೆ. ಮಗು ಹೊಟ್ಟೆಯಲ್ಲಿ ಬೆಳೆಯುವಾಗಲೇ ಒಂದು ಕಡೆ ಆ ನಾಳಗಳು ಸರಿಯಾಗಿ ಜೋಡಣೆಯಾಗದೆ ಉಳಿದರೆ ಹೀಗಾಗುತ್ತದೆ. ಇದು ಅಪರೂಪ. ಇದು ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಹೆಸರಿನ ಕೊನೆಗೆ 'ಓಮ' ಇರುವುದರಿಂದ ಗಡ್ಡೆ ಅಂತ ಹೆದರಿದವರನ್ನು ನಾನೇ ನೋಡಿದ್ದೇನೆ. ಆ ಗೊಂದಲ ಬೇಡ ಎಂದೇ 1996ರಲ್ಲಿ ಅಂತರರಾಷ್ಟ್ರೀಯ ತಜ್ಞರ ಸಂಘ ಇವುಗಳನ್ನು ಗಡ್ಡೆಗಳಿಂದ ಬೇರೆ ಮಾಡಿ 'ಮಾಲ್‌ಫಾರ್ಮೇಶನ್' ಅಂದರೆ ರಚನೆಯ ದೋಷಗಳ ಗುಂಪಿಗೆ ಹಾಕಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೇಲೆ ಕಾಣುವ ಗುಳ್ಳೆ ಬರೀ ಬಾಯಿ. ಬೇರು ಕೆಳಗಿದೆ. ಇದನ್ನು ನೆನಪಿಟ್ಟುಕೊಂಡರೆ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ.

ಇದನ್ನು ಓದಿ ಮನೆಯಲ್ಲೇ ರೋಗ ನಿರ್ಧಾರ ಮಾಡಿಬಿಡಬೇಡಿ. ಡಾಕ್ಟರ್ ಹತ್ತಿರ ಹೋಗುವ ಮುಂಚೆ ಏನು ನೋಡಿಕೊಳ್ಳಬೇಕು, ಯಾವ ಲಕ್ಷಣ ಕಂಡರೆ ಕಾಯಬಾರದು ಎಂಬುದಕ್ಕಷ್ಟೇ ಈ ಬರಹ.

ಮೊದಲು ಮಾಡಬೇಕಾದ್ದು: ಬೆಳಕು, ಫೋಟೊ, ತಾರೀಖು

ಕಾಸು ಖರ್ಚಿಲ್ಲದ ಕೆಲಸ ಇದು. ಬೆಳಗಿನ ಹೊತ್ತು ಕಿಟಕಿ ಪಕ್ಕ ಮಗುವನ್ನು ಕೂರಿಸಿಕೊಳ್ಳಿ. ಗುಳ್ಳೆಗಳ ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ವಾರಕ್ಕೊಮ್ಮೆ, ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ. ನಾಲ್ಕು ವಾರದ ನಾಲ್ಕು ಫೋಟೊ ಡಾಕ್ಟರ್‌ಗೆ ನಿಮ್ಮ ಹತ್ತು ನಿಮಿಷದ ವಿವರಣೆಗಿಂತ ಜಾಸ್ತಿ ಹೇಳುತ್ತವೆ.

ಹಳೇ ಫೋಟೊಗಳನ್ನೂ ತಿರುವಿಹಾಕಿ. ನಾಮಕರಣದ್ದು, ಎಣ್ಣೆಸ್ನಾನದ್ದು, ಮೊದಲ ಹುಟ್ಟುಹಬ್ಬದ್ದು. ಇಂಥ ದೋಷ ಹುಟ್ಟಿನಿಂದಲೇ ಇರುತ್ತದೆ, ಆದರೆ ಕಣ್ಣಿಗೆ ಕಾಣುವುದು ಒಮ್ಮೊಮ್ಮೆ ತಡವಾಗಿ. ಬಹುಪಾಲು ಮಕ್ಕಳಲ್ಲಿ ಮೊದಲ ಕೆಲವು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ನಮ್ಮ ಮಗಳ ಆರು ತಿಂಗಳ ಫೋಟೊದಲ್ಲಿ ಆ ಜಾಗದಲ್ಲಿ ಗುಳ್ಳೆ ಇರಲಿಲ್ಲ, ಆದರೆ ಚರ್ಮ ಸ್ವಲ್ಪ ಉಬ್ಬಿದ್ದು ಆಮೇಲೆ ಹುಡುಕಿದಾಗ ಕಂಡಿತು. ಆ ಒಂದು ಫೋಟೊ ನೋಡಿ ಡಾಕ್ಟರ್ ಸ್ಕ್ಯಾನ್ ಬರೆದರು.

ಜಾಗವೂ ಸುಳಿವು ಕೊಡುತ್ತದೆ. ಕಂಕುಳು, ಭುಜ, ಕುತ್ತಿಗೆ, ತೊಡೆಯ ಮೇಲ್ಭಾಗ, ತೊಡೆಸಂದು, ನಾಲಿಗೆ, ಕೆನ್ನೆಯ ಒಳಭಾಗ. ಇವು ಇದರ ಮಾಮೂಲಿ ಜಾಗಗಳು. ಆದರೆ ಮೈಯಲ್ಲಿ ಎಲ್ಲಿ ಬೇಕಾದರೂ ಬರಬಹುದು.

"ಸರ್ಪಸುತ್ತು ಥರ ಇದೆ"

ಗುಂಪು ಗುಂಪಾಗಿ ನೀರು ತುಂಬಿದ ಗುಳ್ಳೆ ಕಂಡ ಕೂಡಲೇ ನಮ್ಮ ಕಡೆ ಹೇಳುವುದು ಇದನ್ನೇ. ಬೇರೆ ಮಾಡಿ ಗುರುತಿಸುವುದು ಕಷ್ಟವೇನಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಿ.

ಎಷ್ಟು ದಿನದಿಂದ ಇದೆ? ಸರ್ಪಸುತ್ತು ನಾಲ್ಕಾರು ದಿನದಲ್ಲಿ ಏಳುತ್ತದೆ, ಒಣಗಿ ಹಕ್ಕಳೆ ಕಟ್ಟುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಮಾಯುತ್ತದೆ. ತಿಂಗಳುಗಟ್ಟಲೆ ಹಾಗೇ ಇದ್ದರೆ ಅದು ಸರ್ಪಸುತ್ತು ಅಲ್ಲ.

ಉರಿ, ನೋವು ಇದೆಯಾ? ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಲಿಂಫ್ ಗುಳ್ಳೆಗಳು ಸುಮ್ನೆ ಇದ್ದಾಗ ನೋಯುವುದಿಲ್ಲ. ಮಗು ಅದರ ಮೇಲೇ ಮಲಗಿ ನಿದ್ದೆ ಮಾಡುತ್ತದೆ.

ಪಟ್ಟಿಯಂತೆ ಸುತ್ತಿಕೊಂಡಿದೆಯಾ? ಸರ್ಪಸುತ್ತು ಮೈಯ ಒಂದೇ ಪಕ್ಕದಲ್ಲಿ ನರದ ದಾರಿ ಹಿಡಿದು ಹೋಗುತ್ತದೆ. ಇದು ಹಾಗಲ್ಲ, ಒಂದು ಜಾಗದಲ್ಲಿ ಗುಂಪಾಗಿ ಕೂರುತ್ತದೆ.

ಕೆಮ್ಮಣ್ಣು, ಜಾಜು ಬಳಿಯುವುದರಿಂದ ಆಗುವ ಕೇಡು ಬೇರೆ. ಗುಳ್ಳೆ ಒಡೆದಿದ್ದರೆ ಮಣ್ಣಿನಲ್ಲಿರುವ ಸೋಂಕು ನೇರವಾಗಿ ಒಳಗೆ ಹೋಗುತ್ತದೆ. ಬಳಿದ ಹಿರಿಯರ ಮನಸ್ಸು ಒಳ್ಳೆಯದೇ. ಆದರೂ ಬೇಡ ಅಂತ ಹೇಳಿ.

"ನರೂಲಿ ಥರ ಗಟ್ಟಿಯಾಗಿದೆ"

ಇಲ್ಲಿ ಡಾಕ್ಟರುಗಳೂ ಎಡವುತ್ತಾರೆ. ಕಾರಣ ಇದೆ. ಗುಳ್ಳೆ ಹಳೆಯದಾದಂತೆ ಅದರ ಮೇಲಿನ ಚರ್ಮ ದಪ್ಪಗಾಗುತ್ತದೆ, ಒರಟಾಗುತ್ತದೆ. ಒಳಗಿನ ನೀರು ಕಾಣುವುದಿಲ್ಲ. ನೋಡಿದರೆ ಥೇಟ್ ನರೂಲಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ: ಒರಟಾದದ್ದನ್ನು ಬಿಟ್ಟು ಅದರ ಅಕ್ಕಪಕ್ಕ ಹುಡುಕಿ. ಒಂದಾದರೂ ತಿಳಿಯಾದ, ನೀರು ತುಂಬಿದ ಗುಳ್ಳೆ ಸಿಗುತ್ತದಾ? ನರೂಲಿಯಲ್ಲಿ ನೀರು ಇರುವುದಿಲ್ಲ. ನರೂಲಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಸಣ್ಣ ಕಪ್ಪು ಚುಕ್ಕಿಗಳಿರುತ್ತವೆ. ನಡುವೆ ಹೊಕ್ಕುಳಿನಂತೆ ತಗ್ಗು ಇದ್ದು, ಒಳಗೆ ಬಿಳಿ ಮೊಸರಿನಂಥದ್ದು ಕಂಡರೆ ಅದು ಮೊಲಸ್ಕಂ ಎಂಬ ವೈರಸ್ ಗುಳ್ಳೆ ಇರಬಹುದು. ಅದು ಅಂಟುತ್ತದೆ, ಮನೆಯ ಬೇರೆ ಮಕ್ಕಳಿಗೂ ಬರುತ್ತದೆ. ಇಷ್ಟು ನೋಡಿದರೆ ಸಾಕು. ಖಚಿತ ಮಾಡುವುದು ಚರ್ಮದ ಡಾಕ್ಟರ್ ಕೆಲಸ.

ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು, ಕರಾವಳಿಯ ಕಡೆ ಮಾಡುವಂತೆ ಗೇರುಬೀಜದ ಎಣ್ಣೆಯಿಂದ ಸುಡುವುದು, ಇವು ಯಾವುವೂ ಬೇಡ. ಗೇರು ಎಣ್ಣೆ ನರೂಲಿಗೇ ಅಪಾಯ, ಸುತ್ತಲಿನ ಚರ್ಮವನ್ನೂ ಸುಡುತ್ತದೆ. ಇಲ್ಲಿ ಅದರ ಕೆಳಗೆ ತೆರೆದ ನಾಳವಿದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮೂ ಹಾಗೇ. ಗುಳ್ಳೆ ಕಡಿಮೆಯಾಗುವುದಿಲ್ಲ. ಚರ್ಮ ಮಾತ್ರ ತೆಳ್ಳಗಾಗುತ್ತದೆ.

"ಬಟ್ಟೆ ಒದ್ದೆಯಾಗುತ್ತೆ, ನೀರು ಜಿನುಗುತ್ತೆ"

ಮಗಳ ಬಿಳಿ ಬನಿಯನ್ನಿನ ಒಂದು ಬದಿ ಸದಾ ಗಂಜಿ ಹಾಕಿದಂತೆ ಗಟ್ಟಿಯಾಗಿರುತ್ತಿತ್ತು. ಅಂಚಿನಲ್ಲಿ ತಿಳಿ ಹಳದಿ ಕಲೆ. ಬೆವರು ಅಂದುಕೊಂಡಿದ್ದೆವು. ಬೆವರು ಒಣಗಿದರೆ ಅಷ್ಟು ಗಟ್ಟಿಯಾಗುವುದಿಲ್ಲ. ಲಿಂಫ್‌ನಲ್ಲಿ ಪ್ರೋಟೀನ್ ಇರುವುದರಿಂದ ಒಣಗಿದಾಗ ಬಟ್ಟೆ ಬಿರುಸಾಗುತ್ತದೆ. ಡಾಕ್ಟರ್ ಆ ಬನಿಯನ್ನನ್ನೇ ಬೆರಳಲ್ಲಿ ಉಜ್ಜಿ ನೋಡಿದರು.

ಜಿನುಗುವ ನೀರಿನ ಬಣ್ಣ ನೋಡಿ. ತಿಳಿ ನೀರು ಅಥವಾ ತಿಳಿ ಹಳದಿ ಆದರೆ ಅದು ಮಾಮೂಲಿ ಲಿಂಫ್. ತುರ್ತೇನಿಲ್ಲ. ಸಾಬೂನು ನೀರಿನಿಂದ ಮೆಲ್ಲಗೆ ತೊಳೆದು, ಒತ್ತಿ ಒರೆಸಿ, ಅಂಟದ ಗಾಜ್ ಬಟ್ಟೆ ಇಟ್ಟು ಮೇಲೆ ಹತ್ತಿ ಪ್ಯಾಡ್ ಹಾಕಿ. ಪ್ಲಾಸ್ಟರನ್ನು ಗುಳ್ಳೆಯ ಮೇಲೆ ನೇರವಾಗಿ ಅಂಟಿಸಬೇಡಿ. ಕೀಳುವಾಗ ಇನ್ನೂ ನಾಲ್ಕು ಗುಳ್ಳೆ ಒಡೆಯುತ್ತವೆ. ಒದ್ದೆಯಾದ ಪ್ಯಾಡನ್ನು ಹಾಗೇ ಬಿಡಬೇಡಿ, ಬದಲಿಸುತ್ತಿರಿ.

ಕೆಟ್ಟ ವಾಸನೆಯ ದಪ್ಪ ಹಳದಿ ಅಥವಾ ಹಸಿರು ಕೀವು ಬಂದರೆ ಸೋಂಕು. ಅವತ್ತೇ ಡಾಕ್ಟರ್‌ಗೆ ತೋರಿಸಿ.

ಹಾಲಿನಂತೆ ಬೆಳ್ಳಗಿದ್ದರೆ? ಇದು ಅಪರೂಪ. ತೊಡೆ, ತೊಡೆಸಂದು, ಗುಪ್ತಾಂಗದ ಕಡೆ ಹೀಗಾಗಬಹುದು. ಊಟದ ಕೊಬ್ಬನ್ನು ಕರುಳಿನಿಂದ ಹೊತ್ತೊಯ್ಯುವ ಲಿಂಫ್ ಹಾಲಿನ ಬಣ್ಣದ್ದು. ಅದು ದಾರಿ ತಪ್ಪಿ ಕೆಳಗೆ ಹರಿಯುತ್ತಿದೆ ಅಂತ ಅರ್ಥ. ತುಪ್ಪ, ಕರಿದದ್ದು ತಿಂದ ದಿನ ಜಾಸ್ತಿ ಬರುತ್ತದಾ ಎಂದು ಗಮನಿಸಿ ಬರೆದಿಡಿ. ಇದನ್ನು ಸಣ್ಣ ಕ್ಲಿನಿಕ್ಕಿನಲ್ಲಿ ನಿಭಾಯಿಸಲು ಆಗುವುದಿಲ್ಲ, ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಹೋಗಿ.

"ಗುಳ್ಳೆ ಕೆಂಪಾಯ್ತು, ಆಮೇಲೆ ಕಪ್ಪಾಯ್ತು"

ಹೆತ್ತವರು ಜಾಸ್ತಿ ಹೆದರುವುದು ಇದಕ್ಕೆ. ಮಚ್ಚೆ ಕಪ್ಪಾದರೆ ಕ್ಯಾನ್ಸರ್ ಅಂತ ಎಲ್ಲೋ ಓದಿರುತ್ತಾರೆ. ಇಲ್ಲಿ ಆಗುವುದು ಬೇರೆ. ಪಕ್ಕದ ಸಣ್ಣ ರಕ್ತನಾಳದಿಂದ ಸ್ವಲ್ಪ ರಕ್ತ ಗುಳ್ಳೆಯೊಳಗೆ ಸೇರುತ್ತದೆ. ಮೊದಲು ಗುಲಾಬಿ, ಆಮೇಲೆ ಕೆಂಪು, ಹೆಪ್ಪುಗಟ್ಟಿದ ಮೇಲೆ ನೇರಳೆಹಣ್ಣಿನ ಬಣ್ಣ.

ಒಂದು ದಿನ ಸಂಜೆ ಆಟ ಮುಗಿಸಿ ಬಂದ ಮಗಳನ್ನು ನಿಲ್ಲಿಸಿಕೊಂಡು ನೋಡಿದೆ. ಒಂದು ಗುಳ್ಳೆಯ ಕೆಳ ಅರ್ಧ ಕೆಂಪು, ಮೇಲಿನ ಅರ್ಧ ತಿಳಿ ನೀರು. ನಡುವೆ ಗೆರೆ ಎಳೆದಂತೆ. ರಕ್ತ ತೂಕವಾದ್ದರಿಂದ ತಳಕ್ಕೆ ಇಳಿದಿತ್ತು. ಚರ್ಮದ ಡಾಕ್ಟರುಗಳು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ಹುಡುಕುವ ಗುರುತುಗಳಲ್ಲಿ ಇದೂ ಒಂದು. ನಿಮಗೆ ಹೀಗೆ ಕಂಡರೆ ತಪ್ಪದೆ ಫೋಟೊ ತೆಗೆದಿಡಿ.

ರಕ್ತ ಹೊರಗೆ ಬಂದರೆ ಶುಭ್ರವಾದ ಬಟ್ಟೆ ಇಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡೇ. ನಡುವೆ ನಿಂತಿತಾ ಅಂತ ಎತ್ತಿ ನೋಡಬೇಡಿ. ಕಾಫಿಪುಡಿ, ಅರಿಶಿನ, ಬೂದಿ ಹಾಕಬೇಡಿ. ಮಗುವಿಗೆ ಆಸ್ಪಿರಿನ್ ಕೊಡಬೇಡಿ. ಹತ್ತು ನಿಮಿಷ ಸರಿಯಾಗಿ ಒತ್ತಿದರೂ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ.

ಒಂದು ವ್ಯತ್ಯಾಸ ಹೇಳಬೇಕು. ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ತಿಂಗಳುಗಳಲ್ಲಿ ಬೇಗ ಬೇಗ ಬೆಳೆದು, ಆಮೇಲೆ ವರ್ಷಗಳಲ್ಲಿ ತಾನಾಗಿ ಇಳಿಯುವ ಕಡುಗೆಂಪು ಗಂಟು ಹಿಮ್ಯಾಂಜಿಯೋಮ. ಅದಕ್ಕೆ ಪ್ರೊಪ್ರನಲಾಲ್ ಎಂಬ ಔಷಧಿ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು 2008ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು. ಲಿಂಫ್ ಗುಳ್ಳೆಗಳು ಹಾಗೆ ತಾವಾಗಿ ಹೋಗುವುದು ಅಪರೂಪ. ಪಕ್ಕದ ಮನೆಯ ಮಗುವಿಗೆ ಕೊಟ್ಟ ಔಷಧಿ ನಮ್ಮ ಮಗುವಿಗೆ ಯಾಕೆ ಕೊಡುತ್ತಿಲ್ಲ ಅಂತ ಕೇಳುವ ಮುಂಚೆ ಇದು ಗೊತ್ತಿರಲಿ.

"ಸುತ್ತಲೂ ಬಿಸಿ, ಊತ, ಜ್ವರ": ಇಲ್ಲಿ ಓದುವುದು ನಿಲ್ಲಿಸಿ, ಆಸ್ಪತ್ರೆಗೆ ಹೋಗಿ

ಚರ್ಮದಲ್ಲಿ ಸೋಂಕು ಹರಡುತ್ತಿದೆ. ಇದನ್ನು ಸೆಲ್ಯುಲೈಟಿಸ್ ಅನ್ನುತ್ತಾರೆ. ಈ ತೊಂದರೆಯಲ್ಲಿ ನಿಜವಾಗಿ ಹೆದರಬೇಕಾದ್ದು ಇದಕ್ಕೇ. ಲಿಂಫ್ ನಾಳಗಳು ಸರಿಯಿಲ್ಲದ ಕಡೆ ಸೋಂಕು ಸುಲಭವಾಗಿ ಹಿಡಿಯುತ್ತದೆ, ಬೇಗ ಹರಡುತ್ತದೆ, ಮತ್ತೆ ಮತ್ತೆ ಬರುತ್ತದೆ.

ಪುಸ್ತಕಗಳಲ್ಲಿ 'ಚರ್ಮ ಕೆಂಪಾಗುತ್ತದೆ' ಅಂತ ಬರೆದಿರುತ್ತಾರೆ. ನಮ್ಮ ಮಕ್ಕಳ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟು ಬೇಗ ಕಾಣುವುದಿಲ್ಲ. ಬಣ್ಣ ಇನ್ನಷ್ಟು ಗಾಢವಾಗುತ್ತದೆ, ಚರ್ಮ ಬಿಗಿದು ಹೊಳೆಯುತ್ತದೆ. ಕಣ್ಣಿಗಿಂತ ಕೈಯನ್ನು ನಂಬಿ. ಅಂಗೈಯ ಹಿಂಭಾಗವನ್ನು ಮೊದಲು ಇನ್ನೊಂದು ಕಂಕುಳಿಗೆ ಇಟ್ಟು, ಆಮೇಲೆ ಈ ಜಾಗಕ್ಕೆ ಇಡಿ. ಬಿಸಿ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಊತದ ಅಂಚಿಗೆ ಬಾಲ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ. ಇದು ಆಸ್ಪತ್ರೆಗೆ ಹೊರಡುವ ಮುಂಚೆ ಮಾಡುವ ಅರ್ಧ ನಿಮಿಷದ ಕೆಲಸ. ಗೆರೆ ದಾಟಿದ್ದರೆ ಎಷ್ಟು ಬೇಗ ಹರಡುತ್ತಿದೆ ಎಂದು ಡಾಕ್ಟರ್‌ಗೆ ಅಲ್ಲೇ ಕಾಣುತ್ತದೆ.

ಮನೆಯಲ್ಲಿ ಉಳಿದಿರುವ ಹಳೇ ಆ್ಯಂಟಿಬಯಾಟಿಕ್ ಕೊಡಬೇಡಿ. ಮಗು ಮಂಕಾಗಿದ್ದರೆ, ಹಾಲು ಕುಡಿಯದಿದ್ದರೆ, ವಾಂತಿ ಮಾಡುತ್ತಿದ್ದರೆ, ಚಳಿಯಿಂದ ನಡುಗುತ್ತಿದ್ದರೆ ರಾತ್ರಿಯಾದರೂ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಏನನ್ನೂ ನೋಡಬೇಡಿ, ಹೊರಟುಬಿಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

"ಗುಳ್ಳೆಯ ಕೆಳಗೆ ಮೆತ್ತಗೆ ಉಬ್ಬಿದೆ"

ಬೆರಳ ತುದಿಯಿಂದ ಗುಳ್ಳೆಗಳನ್ನು ಬಿಟ್ಟು ಸುತ್ತಲಿನ ಜಾಗ ಒತ್ತಿ ನೋಡಿ. ಇನ್ನೊಂದು ಬದಿಯನ್ನೂ ಹಾಗೇ ಒತ್ತಿ. ಎರಡೂ ಒಂದೇ ಥರ ಇದೆಯಾ? ಈ ಬದಿ ಮೆತ್ತಗೆ, ಹಿಟ್ಟಿನ ಉಂಡೆಯಂತೆ ಇದ್ದರೆ ಆಳದಲ್ಲಿ ಇನ್ನೂ ಇದೆ ಅಂತ ಅನುಮಾನಿಸಬೇಕು.

ಊತ ದೊಡ್ಡದಿದ್ದರೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಅದರ ಒಂದು ಬದಿಗೆ ತಾಗಿಸಿ ಹಿಡಿಯಿರಿ. ಒಳಗೆ ದೊಡ್ಡ ನೀರಿನ ಚೀಲವಿದ್ದರೆ ಬೆಳಕು ಹಾದು ಇಡೀ ಊತ ಕೆಂಪು ದೀಪದಂತೆ ಹೊಳೆಯುತ್ತದೆ. ಟಾರ್ಚ್ ಬಿಸಿಯಾಗುತ್ತದೆ, ಕ್ಷಣದಲ್ಲಿ ತೆಗೆದುಬಿಡಿ. ಬೆಳಕು ಹಾಯದಿದ್ದರೆ ಒಳಗೆ ಏನೂ ಇಲ್ಲ ಅಂತ ಅರ್ಥವಲ್ಲ. ಸಣ್ಣ ಸಣ್ಣ ಕೋಶಗಳಾದರೆ ಬೆಳಕು ಹಾಯುವುದಿಲ್ಲ.

ಮುಂದಿನ ಮೆಟ್ಟಿಲು ಅಲ್ಟ್ರಾಸೌಂಡ್. ನೋವಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ಡಾಪ್ಲರ್ ಹಾಕಿ ನೋಡಿದರೆ ಕೋಶಗಳೊಳಗೆ ರಕ್ತ ಹರಿಯುತ್ತಿಲ್ಲ ಎಂಬುದು ಗೊತ್ತಾಗುತ್ತದೆ. ಆಪರೇಷನ್ ಮಾತು ಬಂದರೆ ಎಂಆರ್‌ಐ ಬೇಕು. ದೋಷ ಎಷ್ಟು ಆಳಕ್ಕೆ, ಎಷ್ಟು ಅಗಲಕ್ಕೆ ಹೋಗಿದೆ ಎಂಬ ನಕ್ಷೆ ಸಿಗುವುದು ಅದರಲ್ಲೇ. ಸಣ್ಣ ಮಕ್ಕಳಿಗೆ ನಿದ್ದೆಯ ಔಷಧಿ ಕೊಟ್ಟು ಮಾಡಬೇಕಾಗುತ್ತದೆ, ಹಾಗಾಗಿ ಸುಮ್ನೆ ನೋಡೋಣ ಅಂತ ಮಾಡಿಸುವುದು ಬೇಡ.

ಒಂದು ಕಾಲು ಅಥವಾ ಕೈ ಇನ್ನೊಂದಕ್ಕಿಂತ ದಪ್ಪ ಅಥವಾ ಉದ್ದ ಇದೆಯಾ? ಗುಳ್ಳೆಯ ಕೆಳಗೆ ದ್ರಾಕ್ಷಾರಸ ಚೆಲ್ಲಿದಂಥ ಕೆಂಪು ಮಚ್ಚೆ ಇದೆಯಾ? ಹಾಗಿದ್ದರೆ ಕ್ಲಿಪ್ಪೆಲ್-ಟ್ರೆನೋನೆ ಎಂಬ ಬೇರೆ ತೊಂದರೆಯ ಭಾಗವಾಗಿರಬಹುದು. ಅಂಗಡಿಯ ಅಳತೆ ಟೇಪಿನಿಂದ ಎರಡೂ ಕಾಲಿನ ಸುತ್ತಳತೆ ತೆಗೆದು ಬರೆದುಕೊಂಡು ಹೋಗಿ.

"ನಾಲಿಗೆಯ ಮೇಲೆ ಬಂದಿದೆ"

ನಾಲಿಗೆಯ ಮೇಲೆ ಕಲ್ಲುಸಕ್ಕರೆ ಚೂರು ಮೆತ್ತಿದಂತೆ, ನಡುನಡುವೆ ಕೆಂಪು ಚುಕ್ಕಿ. ಮಕ್ಕಳು ಗಟ್ಟಿ ತಿಂಡಿ ಕಚ್ಚಿದಾಗ ರಕ್ತ ಬರುತ್ತದೆ. ಬಾಯಿ ವಾಸನೆ ಬರಬಹುದು. ಮೆತ್ತಗಿನ ಬ್ರಷ್, ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು, ಖಾರ ಮತ್ತು ಚಕ್ಕುಲಿ, ಕೋಡುಬಳೆಯಂಥ ಗಟ್ಟಿ ತಿಂಡಿ ಕಡಿಮೆ ಮಾಡುವುದು, ಇಷ್ಟರಿಂದಲೇ ಎಷ್ಟೋ ನೆಮ್ಮದಿ ಸಿಗುತ್ತದೆ.

ಆದರೆ ಶೀತ, ಗಂಟಲು ನೋವು ಬಂದಾಗ ನಾಲಿಗೆ ಅಥವಾ ಕುತ್ತಿಗೆ ಇದ್ದಕ್ಕಿದ್ದಂತೆ ಊದಬಹುದು. ಉಸಿರಾಡುವಾಗ ಗೊರಗೊರ ಸದ್ದು, ಜೊಲ್ಲು ನುಂಗಲು ಆಗದಿರುವುದು, ಮಲಗಿಸಿದರೆ ಉಸಿರು ಕಟ್ಟುವುದು. ಇದರಲ್ಲಿ ಒಂದು ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಮಗುವನ್ನು ಕೂರಿಸಿಕೊಂಡೇ ಕರೆದುಕೊಂಡು ಹೋಗಿ, ಮಲಗಿಸಬೇಡಿ.

"ಗುಪ್ತಾಂಗದಲ್ಲಿದೆ, ಯಾರಿಗೆ ಹೇಳುವುದು?"

ಇದನ್ನು ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ಕಳೆಯುವವರು ಇದ್ದಾರೆ. ಅಲ್ಲಿ ಬಂದ ಗುಳ್ಳೆಗಳನ್ನು ಲೈಂಗಿಕ ಸೋಂಕಿನ ನರೂಲಿ ಅಂತ ತಪ್ಪು ತಿಳಿಯುವುದುಂಟು. ಆಗ ಮನೆಯವರ ಮೇಲೆ ಬೀಳುವ ಅನುಮಾನದ ಭಾರ ಸಣ್ಣದಲ್ಲ. ಮಗುವಿನ ಸುರಕ್ಷತೆಯ ಬಗ್ಗೆ ಡಾಕ್ಟರ್ ಪ್ರಶ್ನೆ ಕೇಳಿದರೆ ಕೋಪ ಮಾಡಿಕೊಳ್ಳಬೇಡಿ, ಅದು ಅವರು ಕೇಳಲೇಬೇಕಾದ ಪ್ರಶ್ನೆ. ಬಯಾಪ್ಸಿ, ಅಂದರೆ ಚರ್ಮದ ಸಣ್ಣ ಚೂರು ತೆಗೆದು ಪರೀಕ್ಷೆ ಮಾಡಿದರೆ ಅನುಮಾನ ಪರಿಹಾರವಾಗುತ್ತದೆ.

"ಬಯಾಪ್ಸಿ ಅಂದರು, ರಿಪೋರ್ಟ್ ಅರ್ಥವಾಗಲಿಲ್ಲ"

ಎಲ್ಲ ಮಕ್ಕಳಿಗೂ ಬಯಾಪ್ಸಿ ಬೇಕಿಲ್ಲ. ನೋಟ, ಡರ್ಮೋಸ್ಕೋಪ್, ಅಲ್ಟ್ರಾಸೌಂಡ್ ಮೂರೂ ಒಂದೇ ಮಾತು ಹೇಳಿದರೆ ಸಾಕು. ಅನುಮಾನ ಉಳಿದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು 3ರಿಂದ 4 ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಕಾಣುವುದು ಹೀಗೆ. ಹೊರಚರ್ಮದ ತೀರಾ ಕೆಳಗೆ, ಒಳಚರ್ಮದ ಮೇಲ್ಪದರದಲ್ಲಿ ಉಬ್ಬಿದ ಲಿಂಫ್ ನಾಳಗಳು. ಅವುಗಳ ಗೋಡೆಗೆ ಚಪ್ಪಟೆ ಜೀವಕೋಶಗಳ ಒಂದೇ ಒಂದು ಸಾಲು. ಒಳಗೆ ತಿಳಿ ಗುಲಾಬಿ ಬಣ್ಣ ಹಿಡಿದ ಲಿಂಫ್, ಲಿಂಫೊಸೈಟ್ ಎಂಬ ಕೆಲವು ಬಿಳಿ ರಕ್ತಕಣಗಳು, ಒಮ್ಮೊಮ್ಮೆ ಕೆಂಪು ರಕ್ತಕಣಗಳು. ಮೇಲಿನ ಹೊರಚರ್ಮ ದಪ್ಪಗಾಗಿ ಎರಡೂ ಬದಿಯಿಂದ ಇಳಿದು ನಾಳವನ್ನು ಬೊಗಸೆಯಲ್ಲಿ ಹಿಡಿದಂತೆ ಸುತ್ತುವರಿದಿರುತ್ತದೆ. ಹಾಗಾಗಿ ನಾಳ ಹೊರಚರ್ಮದ ಒಳಗೇ ಇದ್ದಂತೆ ಕಾಣುತ್ತದೆ. ರಿಪೋರ್ಟ್‌ನಲ್ಲಿ ಅಕ್ಯಾಂತೋಸಿಸ್, ಹೈಪರ್‌ಕೆರಟೋಸಿಸ್ ಅಂತ ಇದ್ದರೆ ಚರ್ಮ ದಪ್ಪಗಾಗಿದೆ ಅಂತಷ್ಟೇ. ನರೂಲಿಯಂತೆ ಕಾಣುವುದು ಇದರಿಂದಲೇ. 'ಅಟಿಪಿಯಾ ಇಲ್ಲ' ಅಂತ ಬರೆದಿದ್ದರೆ ಜೀವಕೋಶಗಳಲ್ಲಿ ಕೆಟ್ಟ ಬದಲಾವಣೆ ಇಲ್ಲ ಅಂತ. ಓದಿ ನಿಟ್ಟುಸಿರು ಬಿಡಿ.

ನಾಳ ರಕ್ತದ್ದೋ ಲಿಂಫ್‌ನದ್ದೋ ಅನುಮಾನ ಬಂದರೆ ಡಿ2-40 ಎಂಬ ವಿಶೇಷ ಬಣ್ಣದ ಪರೀಕ್ಷೆ ಇದೆ. ಲಿಂಫ್ ನಾಳದ ಗೋಡೆ ಕಂದು ಬಣ್ಣ ಹಿಡಿಯುತ್ತದೆ.

ಒಂದನ್ನು ಮರೆಯಬೇಡಿ. ಆ ಚೂರಿನಲ್ಲಿ ಕಾಣುವುದು ಮೇಲಿನ ಕೆಲವು ಮಿಲಿಮೀಟರ್ ಮಾತ್ರ. ಆಳದಲ್ಲಿ ಏನಿದೆ ಎಂದು ಆ ಚೂರು ಹೇಳಲಾರದು.

"ತೆಗೆಸಿದೆವು, ಮತ್ತೆ ಬಂತು"

ನಮಗೆ ಆಗಿದ್ದೂ ಇದೇ. ಯಾಕೆ ಮತ್ತೆ ಬರುತ್ತದೆ ಎಂಬುದನ್ನು 1976ರಲ್ಲಿ ಬ್ರಿಟನ್ನಿನ ವಿಮ್‌ಸ್ಟರ್ ಎಂಬ ತಜ್ಞರು ವಿವರಿಸಿದರು. ಬೆಂಗಳೂರಿನ ಮನೆಗಳ ಸಂಪ್ ನೆನಪಿಸಿಕೊಳ್ಳಿ, ಸುಲಭವಾಗಿ ಅರ್ಥವಾಗುತ್ತದೆ. ಚರ್ಮದ ಕೆಳಗೆ, ಕೊಬ್ಬಿನ ಪದರದಲ್ಲಿ, ಲಿಂಫ್ ತುಂಬಿದ ದೊಡ್ಡ ತೊಟ್ಟಿಗಳಿರುತ್ತವೆ. ಅವು ಮೈಯ ಉಳಿದ ಲಿಂಫ್ ಜಾಲಕ್ಕೆ ಸೇರಿಲ್ಲ, ಹೊರಗಿನ ಕಾವೇರಿ ಪೈಪಿಗೆ ಜೋಡಿಸದ ಸಂಪ್ ಹಾಗೆ. ತೊಟ್ಟಿಯ ಗೋಡೆಯಲ್ಲಿ ಸ್ನಾಯು ಇದೆ. ಅದು ಬಿಗಿದು ಬಿಗಿದು ನೀರನ್ನು ಮೇಲಕ್ಕೆ ದೂಡುತ್ತದೆ. ಮೋಟಾರ್ ಇದ್ದಂತೆ. ಮೇಲೆ ಹೋಗಲು ಸಣ್ಣ ನಾಳಗಳಿವೆ. ಅವುಗಳ ತುದಿಯೇ ನಮಗೆ ಕಾಣುವ ಗುಳ್ಳೆ. ನಲ್ಲಿ ಒಡೆದು ಹಾಕಿದರೆ ಸಂಪ್ ಖಾಲಿಯಾಗುತ್ತದಾ? ನೀರು ಇನ್ನೊಂದು ಕಡೆ ದಾರಿ ಹುಡುಕುತ್ತದೆ.

ಹಾಗಾಗಿ ಯಾರೇ ಸುಡೋಣ, ಕತ್ತರಿಸೋಣ ಅಂದರೂ ಒಂದು ಪ್ರಶ್ನೆ ಕೇಳಿ: "ಆಳ ಎಷ್ಟಿದೆ, ಹೇಗೆ ನೋಡಿದಿರಿ?" ನಾವು ಕೇಳಲಿಲ್ಲ. ಮೂರು ವರ್ಷದ ಮಗು ಎರಡು ಸಲ ಸುಡಿಸಿಕೊಂಡು ಅತ್ತಿತು. ಅದು ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ಇರುವ ದಾರಿಗಳು ಹಲವು. ತೊಂದರೆ ಕೊಡದ ಸಣ್ಣ ಗುಂಪಾದರೆ ಸುಮ್ಮನಿದ್ದು ಗಮನಿಸುವುದು. ಇದೂ ಒಂದು ಚಿಕಿತ್ಸೆಯೇ, ನಾಚಿಕೊಳ್ಳಬೇಕಿಲ್ಲ. ಜಿನುಗುವುದು, ರಕ್ತ ಬರುವುದು ಜಾಸ್ತಿಯಾದರೆ ಕಾರ್ಬನ್ ಡೈ ಆಕ್ಸೈಡ್ ಲೇಸರ್‌ನಿಂದ ಮೇಲಿನ ಬಾಯಿಗಳನ್ನು ಮುಚ್ಚಬಹುದು. ಸಂಪ್ ಉಳಿಯುತ್ತದೆ ಎಂದು ಗೊತ್ತಿದ್ದೇ ಮಾಡುವುದು ಅದು. ಆಳದವರೆಗೆ, ಸ್ನಾಯುವಿನ ಹೊದಿಕೆಯ ತನಕ, ತೊಟ್ಟಿಗಳ ಸಮೇತ ತೆಗೆಯುವ ಆಪರೇಷನ್ ಇದೆ. ಅದರಲ್ಲಿ ಮತ್ತೆ ಬರುವ ಸಾಧ್ಯತೆ ಕಡಿಮೆ, ಆದರೆ ಗಾಯ ದೊಡ್ಡದು, ಕೆಲವೊಮ್ಮೆ ಬೇರೆ ಕಡೆಯ ಚರ್ಮ ತಂದು ಹೊದಿಸಬೇಕಾಗುತ್ತದೆ. ಬ್ಲಿಯೋಮೈಸಿನ್‌ನಂಥ ಔಷಧಿ ಚುಚ್ಚಿ ಕೋಶಗಳನ್ನು ಕುಗ್ಗಿಸುವ ದಾರಿಯೂ ಇದೆ. ವಿಕಿರಣ ಚಿಕಿತ್ಸೆ ಯಾರಾದರೂ ಹೇಳಿದರೆ ಇನ್ನೊಬ್ಬ ತಜ್ಞರನ್ನು ಕೇಳದೆ ಒಪ್ಪಬೇಡಿ. ಮುಂದೆ ಕ್ಯಾನ್ಸರ್ ಬರುವ ಅಪಾಯ ಅದರಲ್ಲಿದೆ.

ಇತ್ತೀಚೆಗೆ ಸಿರೊಲಿಮಸ್ ಬಂದಿದೆ. ಇದರ ಇನ್ನೊಂದು ಹೆಸರು ರಾಪಾಮೈಸಿನ್. ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪದಿಂದ 1964ರಲ್ಲಿ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದು. ಅಲ್ಲಿನವರು ತಮ್ಮ ದ್ವೀಪವನ್ನು ರಾಪಾ ನುಯಿ ಅನ್ನುತ್ತಾರೆ, ಹೆಸರು ಅಲ್ಲಿಂದ. ಅತಿಯಾಗಿ ಬೆಳೆಯುವ ಲಿಂಫ್ ನಾಳಗಳಿಗೆ ಹೋಗುವ 'ಬೆಳೆ' ಎಂಬ ಸಂದೇಶವನ್ನು ಇದು ತಡೆಯುತ್ತದೆ. ಮುಲಾಮಾಗಿಯೂ, ಬಾಯಿಯಿಂದಲೂ ಕೊಡುತ್ತಾರೆ. ಬಾಯಿಯಿಂದ ಕೊಡುವಾಗ ರಕ್ತ ಪರೀಕ್ಷೆ ತಪ್ಪಿಸಬಾರದು. ಮೈಯ ರೋಗನಿರೋಧಕ ಶಕ್ತಿ ತಗ್ಗುತ್ತದೆ, ಬಾಯಿಹುಣ್ಣು ಬರಬಹುದು. ದಡಾರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಥರದ ಜೀವಂತ ಲಸಿಕೆ ಬಾಕಿ ಇದ್ದರೆ ಔಷಧಿ ಶುರು ಮಾಡುವ ಮುಂಚೆಯೇ ಡಾಕ್ಟರ್‌ಗೆ ಹೇಳಿ.

"ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೆ ಹೀಗಾಯ್ತಾ?"

ಇಲ್ಲ. ಈ ಮಾತು ಕೇಳಿ ಅತ್ತ ತಾಯಂದಿರಿಗಾಗಿ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಬಸಿರು ಕಟ್ಟಿದ ಮೇಲೆ, ಮಗುವಿನ ಮೈ ಮೂಡುವ ಹೊತ್ತಿನಲ್ಲಿ, ಯಾವುದೋ ಒಂದು ಜೀವಕೋಶದ ಪಿಐಕೆ3ಸಿಎ ಎಂಬ ಜೀನ್‌ನಲ್ಲಿ ಬದಲಾವಣೆ ಆಗುತ್ತದೆ. ಹೆಚ್ಚಿನ ಮಕ್ಕಳಲ್ಲಿ ಕಾರಣ ಇದೇ. ಆ ಕೋಶದಿಂದ ಹುಟ್ಟಿದ ಭಾಗದಲ್ಲಿ ಮಾತ್ರ ದೋಷ. ಅದು ಅಪ್ಪ ಅಮ್ಮನಿಂದ ಬಂದದ್ದಲ್ಲ. ತಿಂದದ್ದು, ನೋಡಿದ್ದು, ಗ್ರಹಣದ ದಿನ ಈಳಿಗೆ ಮುಟ್ಟಿದ್ದು, ಯಾವುದೂ ಕಾರಣವಲ್ಲ. ಮುಂದಿನ ಮಗುವಿಗೂ ಬರುತ್ತದೆ ಎಂಬ ಭಯ ಬೇಡ.

ದೊಡ್ಡವರಲ್ಲಿ ಹೊಸದಾಗಿ ಕಂಡರೆ

ಅದು ಬೇರೆ ವಿಷಯ. ಕ್ಯಾನ್ಸರ್ ಆಪರೇಷನ್, ವಿಕಿರಣ ಚಿಕಿತ್ಸೆ ಆದವರಲ್ಲಿ, ಆನೆಕಾಲು ರೋಗ ಇದ್ದವರಲ್ಲಿ ಲಿಂಫ್ ದಾರಿ ಮುಚ್ಚಿಹೋಗಿ ಇಂಥದ್ದೇ ಗುಳ್ಳೆ ಏಳಬಹುದು. ಮೂಲ ಕಾರಣ ಹುಡುಕಲೇಬೇಕು, ಡಾಕ್ಟರ್‌ಗೆ ತೋರಿಸಿ.

ಎಲ್ಲಿಗೆ ಹೋಗುವುದು, ಏನು ತೆಗೆದುಕೊಂಡು ಹೋಗುವುದು

ಹಳ್ಳಿಯಲ್ಲಿದ್ದರೆ ಅಂಗನವಾಡಿಯಿಂದ ಶುರು ಮಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬರಬೇಕು. ಅವರಿಗೆ ತೋರಿಸಿ, ಮುಂದಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಅಲ್ಲಿಂದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗ, ಆಮೇಲೆ ಬೇಕಾದರೆ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗ.

ಶಾಲೆಯ ಟೀಚರ್‌ಗೆ ಇದು ಅಂಟುವುದಿಲ್ಲ ಎಂದು ಡಾಕ್ಟರ್ ಕೈಯಿಂದ ಎರಡು ಸಾಲು ಬರೆಸಿಕೊಡಿ. ಲಸಿಕೆ, ಇಂಜೆಕ್ಷನ್ ಆ ಜಾಗಕ್ಕೆ ಬೇಡ ಅಂತ ನರ್ಸ್‌ಗೆ ಪ್ರತಿ ಸಲ ನೆನಪಿಸಿ. ಗುಳ್ಳೆ ಒಡೆದು ಜಿನುಗುತ್ತಿದ್ದಾಗ ಕೆರೆ, ಹೊಳೆ, ಈಜುಕೊಳಕ್ಕೆ ಇಳಿಸಬೇಡಿ. ಒಣಗಿದ ಮೇಲೆ ಧಾರಾಳವಾಗಿ ಇಳಿಯಲಿ.

ಚೀಲದಲ್ಲಿ ಫೋಟೊಗಳು, ಜ್ವರ ಮತ್ತು ಸೋಂಕು ಬಂದ ತಾರೀಖುಗಳು, ಕೊಟ್ಟ ಔಷಧಿಗಳ ಚೀಟಿ, ಸ್ಕ್ಯಾನ್ ಸಿಡಿ ಇರಲಿ. ಬಯಾಪ್ಸಿ ಆಗಿದ್ದರೆ ರಿಪೋರ್ಟ್ ಹಾಳೆ ಮಾತ್ರ ಸಾಲದು. ಲ್ಯಾಬಿನಲ್ಲಿ ಕೇಳಿ ಗಾಜಿನ ಸ್ಲೈಡುಗಳನ್ನೂ, ಮೇಣದಲ್ಲಿ ಇಟ್ಟಿರುವ ಆ ಸಣ್ಣ ಚೂರನ್ನೂ ಪಡೆದುಕೊಳ್ಳಿ. ಅದಕ್ಕೆ ಬ್ಲಾಕ್ ಅನ್ನುತ್ತಾರೆ. ಬೆರಳುಗಾತ್ರದ ಡಬ್ಬಿ, ಕೆಡುವುದಿಲ್ಲ, ಬಿಸಿಲಿಗೆ ಇಡದಿದ್ದರೆ ಸಾಕು. ನಮ್ಮ ಮಗಳ ಬ್ಲಾಕ್ ಕೈಯಲ್ಲಿ ಇದ್ದದ್ದರಿಂದಲೇ ಎರಡನೇ ಆಸ್ಪತ್ರೆಯಲ್ಲಿ ಅವಳ ಮೈಗೆ ಮತ್ತೆ ಕತ್ತರಿ ಹಾಕದೆ ಡಿ2-40 ಪರೀಕ್ಷೆ ಮಾಡಿಕೊಟ್ಟರು.